'ಲೆಫ್ಟಿಸಂ' ಕೇಳಿಸಿ ಅಭಿಪ್ರಾಯ ಬರೆಸುವುದು: ನನ್ನ ಅನುಭವ

ಆಲ್ಬಮ್ ಕೇಳಿಸಿ "ಹೇಗಿತ್ತು?" ಅಂದರೆ ಎಲ್ಲರೂ "ಚೆನ್ನಾಗಿತ್ತು" ಅನ್ನುತ್ತಾರೆ. ಸೌಜನ್ಯಕ್ಕೆ. ಅಲ್ಲಿಗೆ ಮಾತು ಮುಗಿಯಿತು. ಆ ಪ್ರಶ್ನೆಯನ್ನೇ ನಾನು ಬಿಟ್ಟಿದ್ದೇನೆ.

ನಾನು ಸೌಂಡ್ ಇಂಜಿನಿಯರ್. ದಕ್ಷಿಣ ಲಂಡನ್ನಿನ ಒಂದು ಪಬ್ಬಿನ ಮಹಡಿ ಕೋಣೆಯಲ್ಲಿ ಆಗಾಗ ಒಂದಷ್ಟು ಜನರನ್ನು ಕೂರಿಸಿ, ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಕೇಳಿಸುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಸಲ ಹಾಕಿರುವುದು ಎಲೆಕ್ಟ್ರಾನಿಕ್ ನೃತ್ಯಸಂಗೀತ ಮಾಡುವ ಬ್ರಿಟನ್ನಿನ ಲೆಫ್ಟ್‌ಫೀಲ್ಡ್ ಜೋಡಿಯ ಚೊಚ್ಚಲ ಆಲ್ಬಮ್ 'ಲೆಫ್ಟಿಸಂ'. ಜನರ ಅಭಿಪ್ರಾಯ ಇಷ್ಟೊಂದು ದಿಕ್ಕಾಪಾಲಾಗುವ ಇನ್ನೊಂದು ಆಲ್ಬಮ್ ನನಗೆ ಸಿಕ್ಕಿಲ್ಲ.

ನೀಲ್ ಬಾರ್ನ್ಸ್ ಮತ್ತು ಪಾಲ್ ಡೇಲಿ ಇದನ್ನು ಹೊರತಂದದ್ದು 1995ರ ಜನವರಿಯಲ್ಲಿ. ಇಬ್ಬರೂ ಮೊದಲು ತಾಳವಾದ್ಯ ನುಡಿಸುತ್ತಿದ್ದವರು. ಹನ್ನೊಂದು ಟ್ರ್ಯಾಕ್, ಸುಮಾರು 70 ನಿಮಿಷ. ಯಂತ್ರದ ತಾಳಕ್ಕೆ ಕುಣಿಸುವ ಟೆಕ್ನೋ ಇದೆ, ಹೌಸ್ ಇದೆ, ಜಮೈಕಾದ ರೆಗ್ಗೇ, ಅದರಿಂದ ಹುಟ್ಟಿದ ಡಬ್, ಮುರಿದು ಜೋಡಿಸಿದ ಡ್ರಮ್ ತಾಳದ ಬ್ರೇಕ್‌ಬೀಟ್ ಎಲ್ಲವೂ ಇವೆ. ಜಮೈಕಾದ ಗಾಯಕ ಅರ್ಲ್ ಸಿಕ್ಸ್‌ಟೀನ್ ಹಾಡುತ್ತಾರೆ. ಪಂಕ್ ರಾಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ ಜಾನ್ ಲೈಡನ್ ಕಿರುಚುತ್ತಾರೆ. ಕೊನೆಗೆ ಲೆಮ್ ಸಿಸ್ಸೇ ಕವಿತೆ ಓದುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಆ ವರ್ಷದ ಅಂತಿಮ ಪಟ್ಟಿಯಲ್ಲಿ ಇದೂ ಇತ್ತು. ಪ್ರಶಸ್ತಿ ಹೋದದ್ದು ಪೋರ್ಟಿಸ್‌ಹೆಡ್ ತಂಡಕ್ಕೆ.

ಇದ್ಯಾವುದನ್ನೂ ನಾನು ಮೊದಲೇ ಹೇಳುವುದಿಲ್ಲ. ಕವರ್ ತೋರಿಸುವುದಿಲ್ಲ. "ಟೆಕ್ನೋ" ಅನ್ನುವ ಪದವನ್ನಂತೂ ಬಾಯಿ ಬಿಟ್ಟು ಆಡುವುದಿಲ್ಲ. ಆಡಿದೆನೋ, ಅರ್ಧ ಜನ ಬರೀ ಕಿಕ್ ಡ್ರಮ್ (ಧಂ ಧಂ ಅನ್ನುವ ದಪ್ಪ ಡ್ರಮ್ ಪೆಟ್ಟು) ಹುಡುಕುತ್ತಾ ಕೂರುತ್ತಾರೆ. ಮೊದಲ ಟ್ರ್ಯಾಕ್ 'ರಿಲೀಸ್ ದ ಪ್ರೆಶರ್'ನಲ್ಲಿ ಬೀಟ್ ಬೇಗ ಬರುವುದೇ ಇಲ್ಲ. ದನಿ, ಹಿಂದೆ ಹರಡಿದ ಸ್ವರ, ಮತ್ತೆ ದನಿ. ಟೆಕ್ನೋ ಅಂತ ನಂಬಿ ಬಂದವರು ಅಲ್ಲೇ ಗಡಿಯಾರ ನೋಡುತ್ತಾರೆ.

ಸ್ಪೀಕರ್ ವಿಷಯದಲ್ಲಿ ನಾನು ಹಠಮಾರಿ. ಈ ಆಲ್ಬಮ್ಮಿನ ಬೇಸ್ ಬಹಳ ಕೆಳಗೆ ಓಡಾಡುತ್ತದೆ, ಅದನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ. ಫೋನಿನಲ್ಲಿ ಕೇಳಿ "ಸಪ್ಪೆ" ಅಂದವರ ಅಭಿಪ್ರಾಯ ಸುಳ್ಳಲ್ಲ, ಆದರೆ ಅವರು ಕೇಳಿದ್ದು ಅರ್ಧ ಆಲ್ಬಮ್. ಅದಕ್ಕೆ ಸಬ್‌ವೂಫರ್ (ಬೇಸಿಗೆಂದೇ ಇರುವ ಸ್ಪೀಕರ್) ಹೊತ್ತುಕೊಂಡೇ ಹೋಗುತ್ತೇನೆ. ಇನ್ನೊಂದು ವಿಷಯ ದನಿಯ ಮಟ್ಟ. ಸ್ವಲ್ಪ ಜೋರಾಗಿ ಕೇಳಿದ್ದೇ ಚೆಂದ ಅನ್ನಿಸುವುದು ಕಿವಿಯ ಗುಣ. 2017ರಲ್ಲಿ ರೀಮಾಸ್ಟರ್ ಆಗಿ, ಅಂದರೆ ಸದ್ದನ್ನು ಹೊಸದಾಗಿ ಹದ ಮಾಡಿಸಿಕೊಂಡು, ಬಂದ ಆವೃತ್ತಿಯನ್ನೂ ಹಳೆಯದನ್ನೂ ಎದುರುಬದುರು ಇಡುವಾಗ ಮೊದಲು ಮೀಟರ್ ನೋಡಿ ಎರಡನ್ನೂ ಸಮ ಮಾಡುತ್ತೇನೆ. ಇಲ್ಲದಿದ್ದರೆ ಜನ ಮಾಸ್ಟರಿಂಗಿಗೆ ಅಲ್ಲ, ವಾಲ್ಯೂಮಿಗೆ ವೋಟು ಹಾಕುತ್ತಾರೆ.

ಇನ್ನು ಪ್ರಶ್ನೆಗಳು. ಸ್ಟಾರ್ ಕೊಡುವ ಪದ್ಧತಿ ಇಲ್ಲ. ಒಂದೊಂದು ಹಾಳೆ ಕೊಡುತ್ತೇನೆ. ಎಲ್ಲಿ ಕಾಲು ತಾನಾಗಿ ಆಡಿತು? ಎಲ್ಲಿ ಫೋನ್ ತೆಗೆದಿರಿ? ಒಂದು ಟ್ರ್ಯಾಕ್ ತೆಗೆದುಹಾಕಲೇಬೇಕು ಅಂದರೆ ಯಾವುದು? ಈ ಮೂರನೆಯದೇ ಚಿನ್ನದಂಥ ಪ್ರಶ್ನೆ. ಹೊಗಳುವಾಗ ಜನ ಮರ್ಯಾದೆಗೆ ಹೊಗಳುತ್ತಾರೆ, ಕತ್ತರಿ ಕೊಟ್ಟಾಗ ನಿಜ ಹೇಳುತ್ತಾರೆ. ಬರೆದು ಮುಗಿಸುವ ತನಕ ಮಾತಾಡುವ ಹಾಗಿಲ್ಲ. ಜೋರು ಗಂಟಲಿನವನೊಬ್ಬ ಮೊದಲು ಬಾಯಿ ತೆರೆದರೆ ಸಾಕು, ಮಿಕ್ಕವರ ಅಭಿಪ್ರಾಯ ಅವನ ಹಿಂದೆಯೇ ಹೊರಟುಬಿಡುತ್ತದೆ.

ಬಂದ ಉತ್ತರಗಳಲ್ಲಿ ಕೆಲವನ್ನು ಹೇಳುತ್ತೇನೆ.

ಟೆಕ್ನೋ ಹುಟ್ಟಿದ ಅಮೆರಿಕದ ಡೆಟ್ರಾಯಿಟ್ ಬಿಟ್ಟರೆ ಬೇರೆ ಟೆಕ್ನೋ ಇಲ್ಲ ಅನ್ನುವ ಗೆಳೆಯನೊಬ್ಬನಿದ್ದಾನೆ. ಅಲ್ಲಿ ಅದನ್ನು ಹುಟ್ಟುಹಾಕಿದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಹೆಸರನ್ನು ದೇವರ ನಾಮದಂತೆ ಜಪಿಸುತ್ತಾನೆ. ಅವನ ಹಾಳೆಯಲ್ಲಿ 'ಬ್ಲ್ಯಾಕ್ ಫ್ಲೂಟ್', 'ಸ್ಪೇಸ್ ಶಾಂಟಿ' ಎರಡಕ್ಕೆ ಮಾತ್ರ ಟಿಕ್. ಎರಡರಲ್ಲೂ ಕಿಕ್ ನೇರವಾಗಿ ನಾಲ್ಕಕ್ಕೆ ನಾಲ್ಕು, ಅಂದರೆ ಪ್ರತಿ ಎಣಿಕೆಗೂ ತಪ್ಪದೆ, ಬೀಳುತ್ತದೆ. ಲೈಡನ್ ಇರುವ 'ಓಪನ್ ಅಪ್' ತೆಗೆಯಬೇಕಂತೆ. "ಅದು ರಾಕ್, ಸುಮ್ನೆ ಮೆಷಿನ್ ಮೇಲೆ ಕೂತಿದೆ" ಅಂದ. ಪಕ್ಕದಲ್ಲಿ ಕೂತಿದ್ದ ಹಳೇ ಪಂಕ್ ಹುಡುಗಿಗೆ (ಈಗ ಅರವತ್ತರ ಹತ್ತಿರ) ಹಿಡಿಸಿದ್ದು ಅದೊಂದೇ.

ಇಲ್ಲೇ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಬೆಳೆದ, ಜಮೈಕಾ ಮೂಲದ ಹಿರಿಯರೊಬ್ಬರು ಬರುತ್ತಾರೆ. ಸೌಂಡ್ ಸಿಸ್ಟಂ (ರೆಗ್ಗೇ ಪಾರ್ಟಿಗಳಿಗೆ ಹಾಕುವ ಭಾರಿ ಸ್ಪೀಕರ್ ಸೆಟ್) ಪೆಟ್ಟಿಗೆಗಳನ್ನು ಎತ್ತಿ ಇಳಿಸಿದ ತೋಳು ಅವರದು. ಕಣ್ಣು ಮುಚ್ಚಿ, ಅಂಗೈಯನ್ನು ಮೇಜಿಗೆ ಒತ್ತಿಟ್ಟುಕೊಂಡು ಕೂತಿದ್ದರು. ಬೇಸನ್ನು ಅವರು ಕೈಯಲ್ಲಿ ಕೇಳುತ್ತಾರೆ. ಡ್ಯಾನಿ ರೆಡ್ ಹಾಡುವ 'ಇನ್‌ಸ್ಪೆಕ್ಷನ್' ಬಂದಾಗ ಬೆರಳು ಆಡಿದವು. ಆದರೆ ದೂರೂ ಅವರದೇ. ಡಬ್ ಅಂದರೆ ತೆಗೆಯುವ ವಿದ್ಯೆ ಅಲ್ವಾ? ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಡಬ್‌ಗೆ ದಾರಿ ಹಾಕಿದ ಕಿಂಗ್ ಟಬ್ಬಿ ಮಿಕ್ಸರ್ ಮುಂದೆ ಕೂತು ದನಿ ತೆಗೆದರು, ಗಿಟಾರ್ ತೆಗೆದರು, ಡ್ರಮ್ ಮತ್ತು ಬೇಸ್ ಉಳಿಸಿ ಎಕೋ ಬಿಟ್ಟರು. "ಈ ಹುಡುಗರು ಖಾಲಿ ಜಾಗ ಬಿಡೋದೇ ಇಲ್ಲ" ಅಂತ ಅವರ ಆಕ್ಷೇಪ. ನಾನು ಪೂರ್ತಿ ಒಪ್ಪುವುದಿಲ್ಲ, 'ಮೆಲ್ಟ್'ನಲ್ಲಿ ಬೇಕಾದಷ್ಟು ಗಾಳಿ ಇದೆ. ಆದರೂ ಈ ಆಲ್ಬಮ್ ಬಗ್ಗೆ ಇಷ್ಟು ಖಚಿತವಾದ ಟೀಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

1996ರಲ್ಲಿ ಲೆಫ್ಟ್‌ಫೀಲ್ಡ್ ಬ್ರಿಕ್ಸ್‌ಟನ್ ಅಕಾಡೆಮಿ ಎಂಬ ಸಂಗೀತ ಸಭಾಂಗಣದಲ್ಲಿ ನುಡಿಸಿದಾಗ ಸದ್ದಿಗೆ ಚಾವಣಿಯ ಗಾರೆ ಉದುರಿತು ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅಂಥ ಕಾಲದವರು ಒಬ್ಬಿಬ್ಬರು ಕೋಣೆಯಲ್ಲಿ ಇದ್ದೇ ಇರುತ್ತಾರೆ. ಅವರ ಹಾಳೆ ನನಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಎಲ್ಲದಕ್ಕೂ ಟಿಕ್, ಕೆಳಗೆ ತಮ್ಮ ಇಪ್ಪತ್ತರ ವಯಸ್ಸಿನ ನೆನಪು.

ಒಮ್ಮೆ ದಾವಣಗೆರೆಯ ಗೆಳೆಯ ಬಂದಿದ್ದ. ಇಲ್ಲಿ ಐಟಿ ಕೆಲಸ, ಕೇಳುವುದೆಲ್ಲ ಕನ್ನಡ ಸಿನಿಮಾ ಹಾಡು. ನಾಲ್ಕೈದು ಟ್ರ್ಯಾಕ್ ಆದಮೇಲೆ ನನ್ನ ಕಿವಿ ಹತ್ತಿರ ಬಂದು, "ಗುರು, ಹೀರೋಯಿನ್ ಸಾಂಗ್ ಈಗ ಬಂತು ನೋಡು" ಅಂದ. ಟೋನಿ ಹ್ಯಾಲಿಡೇ ಹಾಡುವ 'ಒರಿಜಿನಲ್' ಓಡುತ್ತಿತ್ತು. ಆಮೇಲೆ ಅವನನ್ನು ಕೇಳಿದೆ, ಇಷ್ಟೊಂದು ಶೈಲಿ ಬೆರೆತಿರುವುದು ನಿನಗೆ ಇರುಸುಮುರುಸು ಆಗಲಿಲ್ವಾ ಅಂತ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕ್ಯಾಸೆಟ್ ಅಂದರೆ ಹಾಗೇ ತಾನೇ? ಒಂದು ಡ್ಯುಯೆಟ್, ಒಂದು ಜಾನಪದ, ಒಂದು ದುಃಖದ್ದು, ಒಂದು ಕುಣಿಯುವುದು. 'ಆಫ್ರೋ-ಲೆಫ್ಟ್'ನಲ್ಲಿ ಬರುವ ಬೆರಿಂಬಾವು, ಅಂದರೆ ಬಿಲ್ಲಿಗೆ ತಂತಿ ಕಟ್ಟಿದ ಬ್ರೆಜಿಲ್ ವಾದ್ಯ, ಕೇಳಿ "ನಮ್ಮ ಚೌಡಿಕೆ ಇದ್ದಂಗಿದೆ" ಅಂದು ಮುಂದೆ ಹೋದ. ಶೈಲಿ ಬೆರೆಸುವುದು ಸರಿಯೋ ತಪ್ಪೋ ಅಂತ ಈ ಕೋಣೆಯಲ್ಲಿ ನಡೆಯುವ ಜಗಳಕ್ಕೆ ಅವನು ಹೊರಗಿನವನು. ಅವನ ತಕರಾರು ಬೇರೆ. ಯಾವುದನ್ನು ತೆಗೆಯುತ್ತೀರಿ ಅನ್ನುವ ಸಾಲಿನ ಎದುರು ಬರೆದಿದ್ದ: "ಯಾವುದೂ ಬೇಡ. ಎಲ್ಲವನ್ನೂ ಅರ್ಧ ಮಾಡಿ."

ಆ ಹಾಳೆ ನೋಡಿದ ಮೇಲೆ ನಾನು ಒಂದು ಸಾಲು ಸೇರಿಸಿದೆ: ಮನೆಯಲ್ಲಿ ಜಾಸ್ತಿ ಏನು ಕೇಳುತ್ತೀರಿ? ಅದು ಹಾಳೆಯ ಹಿಂಬದಿಯಲ್ಲಿ, ತೀರಾ ಕೊನೆಗೆ ಇರುತ್ತದೆ. ಮೊದಲೇ ಕೇಳಿದರೆ "ನಾನು ರೆಗ್ಗೇ ಮನುಷ್ಯ" ಅಂತ ಬರೆದವನು ಉಳಿದ ಉತ್ತರಗಳನ್ನೂ ರೆಗ್ಗೇ ಪರವಾಗಿ ವಾದ ಮಾಡುವ ಹಾಗೆ ಬರೆಯುತ್ತಾನೆ. ನಾನು ಮಾತ್ರ ಓದುವಾಗ ಹಾಳೆ ತಿರುಗಿಸಿ ಅದನ್ನೇ ಮೊದಲು ನೋಡುತ್ತೇನೆ. ಆಮೇಲೆ ಮುಂಬದಿಯ ಟಿಕ್‌ಗಳನ್ನು ಹೆಚ್ಚು ಕಡಿಮೆ ಊಹಿಸಬಹುದು.

ಊಹೆ ತಪ್ಪುವುದು 'ಸಾಂಗ್ ಆಫ್ ಲೈಫ್'ನಲ್ಲಿ. ನಿಧಾನವಾಗಿ ನಡೆಯುತ್ತಿದ್ದ ಟ್ರ್ಯಾಕ್ ಮುಂದೆ ಎಲ್ಲೋ ಮಗ್ಗಲು ಬದಲಿಸಿ ಓಡಲು ಶುರುಮಾಡುತ್ತದೆ. ಡೆಟ್ರಾಯಿಟ್ ಭಕ್ತ ಅದಕ್ಕೆ ಟಿಕ್ ಹಾಕದಿದ್ದರೂ ಅವನ ಕಾಲು ಆಡಿದ್ದನ್ನು ನಾನು ಕಂಡಿದ್ದೇನೆ. ದಾವಣಗೆರೆಯವನದೂ ಆಡಿತು.