ಪಕ್ಕದ ಹೊಲಕ್ಕೆ ಹಾರದಂತೆ ಕಳೆನಾಶಕ ಹೊಡೆಯುವುದು ಹೇಗೆ?

ಗಾಳಿಯೇ ಇಲ್ಲದ ಸಂಜೆ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಕಳೆನಾಶಕಕ್ಕೆ ಇದೇ ಒಳ್ಳೆ ಹೊತ್ತು ಎಂದು ಪಂಪು ಹೆಗಲಿಗೇರಿಸಿ ಹೊರಟವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವಾರ ಕಳೆಯುವಷ್ಟರಲ್ಲಿ ಪಕ್ಕದ ಹತ್ತಿ ಹೊಲದ ಚಿಗುರು ಕೆಟ್ಟಿರುತ್ತದೆ. ಅಗಲವಾಗಿ ಹರಡಬೇಕಾದ ಎಲೆ ಕಿರಿದಾಗಿ, ಬೆರಳು ಬೆರಳಾಗಿ ಸೀಳಿರುತ್ತದೆ. ನರಗಳು ಒತ್ತೊತ್ತಾಗಿ ಕೂತಿರುತ್ತವೆ. ತೊಟ್ಟು ತಿರುಚಿಕೊಂಡಿರುತ್ತದೆ. ಇದು 2,4-ಡಿ ಎಂಬ ಕಳೆನಾಶಕ ಹಾರಿ ಬಂದ ಗುರುತು. ಬೆಳೆದವರು ರೋಗ ಅಂದುಕೊಂಡು ಇನ್ನೊಂದು ಔಷಧಿ ಹೊಡೆಯುತ್ತಾರೆ. ಹೊಡೆದವರಿಗೆ ತಮ್ಮಿಂದ ಆಯಿತು ಅನ್ನುವುದೇ ತಿಳಿದಿರುವುದಿಲ್ಲ.

ಮೊದಲು ಸುತ್ತ ನೋಡಿ

ಹತ್ತಿ, ಟೊಮೆಟೊ, ದ್ರಾಕ್ಷಿ, ದ್ವಿದಳ ಬೆಳೆಗಳು ಹತ್ತಿರ ಇದ್ದರೆ 2,4-ಡಿ, ಡೈಕಾಂಬಾ ಎಂಬ ಇನ್ನೊಂದು ಕಳೆನಾಶಕ, ಎರಡೂ ಅಪಾಯ. ನಾಳೆ ಹೊಡೆಯುತ್ತೇನೆ ಎಂದು ಪಕ್ಕದವರಿಗೆ ಒಂದು ಮಾತು ಹೇಳಿ.

ಡಬ್ಬಿಯ ಮೇಲಿನ ಹೆಸರು ಪೂರ್ತಿ ಓದಿ

2,4-ಡಿ ಎಂದಷ್ಟೇ ಓದಿ ಕೊಳ್ಳಬೇಡಿ. ಅದರ ಮುಂದೆ ಈಸ್ಟರ್ ಎಂದಿದೆಯೋ, ಅಮೈನ್ ಅಥವಾ ಸೋಡಿಯಂ ಉಪ್ಪು ಎಂದಿದೆಯೋ ನೋಡಿ. ಈಸ್ಟರ್ ರೂಪ ಎಲೆಯ ಮೇಲೆ ಬಿದ್ದ ನಂತರವೂ ಆವಿಯಾಗಿ ಏಳುತ್ತದೆ. ಬಿಸಿಲು 30 ಡಿಗ್ರಿ ದಾಟಿದರೆ ಇದು ಇನ್ನೂ ಜಾಸ್ತಿ. ನೀವು ಎಷ್ಟೇ ಹುಷಾರಾಗಿ ಹೊಡೆದಿದ್ದರೂ ಮಧ್ಯಾಹ್ನದ ಹೊತ್ತಿಗೆ ಆವಿ ಬದು ದಾಟಿರುತ್ತದೆ. ಹತ್ತಿರ ಸೂಕ್ಷ್ಮ ಬೆಳೆ ಇದ್ದರೆ ಈಸ್ಟರ್ ಬೇಡವೇ ಬೇಡ. ಡೈಕಾಂಬಾಕ್ಕೂ ಈ ಆವಿಯ ಗುಣ ಇದೆ. ಅದರ ಜೊತೆ ಅಮೋನಿಯಂ ಸಲ್ಫೇಟ್ ಬೆರೆಸಿದರೆ ಆವಿ ಇನ್ನೂ ಹೆಚ್ಚುತ್ತದೆ. ಬೆಳೆದು ನಿಂತ ಸೋಯಾ, ಹತ್ತಿಯ ಮೇಲೆ ಹೊಡೆಯುವ ಡೈಕಾಂಬಾ ಔಷಧಿಗಳಿಗೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕದ ನ್ಯಾಯಾಲಯಗಳು 2020ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ರದ್ದು ಮಾಡಿದವು. ಪಕ್ಕದ ಹೊಲಗಳಿಗೆ ಅವುಗಳಿಂದ ದೊಡ್ಡ ಹಾನಿ ಆಗಿತ್ತು.

ಹನಿ ದಪ್ಪ ಇರಲಿ

ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. 400 ಮೈಕ್ರಾನ್ ಹನಿ 3 ಮೀಟರ್ ಎತ್ತರದಿಂದ ನೆಲ ಮುಟ್ಟಲು ಸುಮಾರು 2 ಸೆಕೆಂಡ್ ಸಾಕು. 20 ಮೈಕ್ರಾನ್ ಹನಿಗೆ 4 ನಿಮಿಷವೇ ಬೇಕು. ಆ 4 ನಿಮಿಷ ಅದು ಗಾಳಿಯ ಕೈಯಲ್ಲಿರುತ್ತದೆ. 150 ಮೈಕ್ರಾನ್‌ಗಿಂತ ಸಣ್ಣ ಹನಿಗಳೇ ಜಾಸ್ತಿ ಹಾರುವುದು.

ಆದ್ದರಿಂದ ಕೀಟನಾಶಕಕ್ಕೆ ಬಳಸುವ ಕೋನ್ ನಾಜಲ್ ಬಿಚ್ಚಿಡಿ. ಚಪ್ಪಟೆಯಾಗಿ ಚಿಮ್ಮುವ ಫ್ಲಡ್ ಜೆಟ್ ಅಥವಾ ಫ್ಲ್ಯಾಟ್ ಫ್ಯಾನ್ ನಾಜಲ್ ಹಾಕಿ. ಗಾಳಿ ಎಳೆದುಕೊಂಡು ದಪ್ಪ ಹನಿ ಮಾಡುವ ನಾಜಲ್ ಸಿಕ್ಕರೆ ನನ್ನ ಆಯ್ಕೆ ಅದೇ. ತಿರುಗಿಸಿದಂತೆ ಮಂಜೂ ಆಗುವ, ಧಾರೆಯೂ ಆಗುವ ನಾಜಲ್‌ಗಳನ್ನು ಕಳೆನಾಶಕಕ್ಕೆ ಮುಟ್ಟಲೇಬೇಡಿ. ಕೆಲಸದ ನಡುವೆ ಅವು ಸಡಿಲವಾಗಿ ಹನಿಯ ಗಾತ್ರ ಬದಲಾಗುತ್ತದೆ. ಎಂಜಿನ್ ಗಾಳಿಯಿಂದ ಔಷಧಿ ಎಸೆಯುವ ಯಂತ್ರವಂತೂ ಕಳೆನಾಶಕಕ್ಕೆ ಅಲ್ಲವೇ ಅಲ್ಲ.

ಎಲೆಗೆ ಅಂಟಲಿ ಎಂದು ಸೋಪಿನ ಪುಡಿ ಕಲಸುವವರಿದ್ದಾರೆ. ಸೋಪು ನೀರಿನ ಬಿಗಿ ಸಡಿಲಿಸುತ್ತದೆ, ಹನಿ ಇನ್ನೂ ಸಣ್ಣದಾಗಬಹುದು. ಬಿಟ್ಟುಬಿಡಿ. ಪ್ಯಾರಾಕ್ವಾಟ್‌ನಂತೆ ತಾಗಿದಲ್ಲೇ ಸುಡುವ ಔಷಧಿ ಎಲ್ಲ ಎಲೆಗೂ ತಲುಪಬೇಕು ಅಲ್ವಾ? ಅದಕ್ಕೆ ನೀರು ಜಾಸ್ತಿ ಹಾಕಿ, ಹನಿ ಸಣ್ಣ ಮಾಡಬೇಡಿ.

ಗಾಳಿ ನೋಡುವುದು: ಎಲ್ಲರೂ ಎಡವುವುದು ಇಲ್ಲೇ

ಗಂಟೆಗೆ ಸುಮಾರು 5ರಿಂದ 15 ಕಿ.ಮೀ. ವೇಗದಲ್ಲಿ, ಒಂದೇ ದಿಕ್ಕಿಗೆ ಬೀಸುವ ಗಾಳಿ ಒಳ್ಳೆಯದು. ಮೀಟರ್ ಇಲ್ಲದಿದ್ದರೂ ಗೊತ್ತಾಗುತ್ತದೆ. ಮುಖಕ್ಕೆ ಗಾಳಿ ತಾಗಿ, ಎಲೆ ಸರಸರ ಅಂದರೆ ಶುರು ಮಾಡಿ. ಸಣ್ಣ ರೆಂಬೆಗಳು ಬಿಡದೆ ಅಲ್ಲಾಡುತ್ತಿದ್ದರೆ ನಿಲ್ಲಿಸಿ.

ಗಾಳಿ ಪೂರ್ತಿ ನಿಂತಿದ್ದರೂ ನಿಲ್ಲಿಸಿ. ಇದನ್ನು ಹೇಳಿದಾಗ ಯಾರೂ ಒಪ್ಪುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹಗಲು ನೆಲ ಕಾಯುತ್ತದೆ. ನೆಲದ ಪಕ್ಕದ ಬಿಸಿ ಗಾಳಿ ಮೇಲೇಳುತ್ತಾ ಎಲ್ಲವನ್ನೂ ಕಲಸುತ್ತದೆ. ಸಂಜೆ ಆಕಾಶ ತಿಳಿಯಾಗಿದ್ದು ಗಾಳಿ ಬಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಆಗ ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಮೇಲೆ. ಮೇಲಿನದು ಮುಚ್ಚಳದಂತೆ ಕೂತುಬಿಡುತ್ತದೆ. ನಿಮ್ಮ ಪಂಪಿನಿಂದ ಬಂದ ಸಣ್ಣ ಹನಿಗಳು ಕೆಳಗೂ ಬೀಳದೆ, ಮೇಲೂ ಹೋಗದೆ ಆ ಮುಚ್ಚಳದ ಅಡಿಯಲ್ಲಿ ತೇಲುತ್ತವೆ. ಆಮೇಲೆ ಮೆಲ್ಲನೆ ಸರಿಯುವ ಗಾಳಿಯ ಜೊತೆ, ತಗ್ಗಿನ ಕಡೆಗೆ, ಗುಂಪಾಗಿಯೇ ಹೋಗುತ್ತವೆ. ಒಂದು ಕಿಲೋಮೀಟರ್ ಆಚೆಯ ಬೆಳೆಗೂ ಪೆಟ್ಟು ಬೀಳುವುದು ಹೀಗೆ.

ಗುರುತಿಸುವುದು ಸುಲಭ. ದಾರಿಯಲ್ಲಿ ಗಾಡಿ ಹೋದ ಮೇಲೆ ಧೂಳು ನೋಡಿ. ಅದು ಚದುರಿ ಮಾಯವಾದರೆ ಸರಿ. ಮಂಡಿಯೆತ್ತರದಲ್ಲಿ ಹಾಸಿದಂತೆ ನಿಂತಿದ್ದರೆ ಪಂಪು ಕೆಳಗಿಡಿ. ದೂರದ ಹೊಗೆಯನ್ನೂ ನೋಡಬಹುದು. ಸ್ವಲ್ಪ ಮೇಲೇರಿ ಚಪ್ಪಟೆಯಾಗಿ ಅಡ್ಡ ಹರಿದರೆ ಅದೇ ಆ ಮುಚ್ಚಳ. ಸುಮ್ನೆ ಪರೀಕ್ಷೆಗೆಂದು ಒಣ ಕಳೆಯ ನಡುವೆ ಬೆಂಕಿ ಹಾಕಬೇಡಿ. ಸೂರ್ಯ ಹುಟ್ಟಿ ಒಂದೆರಡು ಗಂಟೆ ಆದ ಮೇಲೆ ಶುರು ಮಾಡಿ, ಬಿಸಿಲು ಏರುವ ಮುಂಚೆ ಮುಗಿಸಿ. ಸಂಜೆ ಹೊಡೆಯುವ ಅಭ್ಯಾಸವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಹೊಡೆಯುವಾಗ

ಒತ್ತಡ ಕಡಿಮೆ, ನಾಜಲ್ ಕಳೆಯಿಂದ ಒಂದೂವರೆ ಅಡಿಯೊಳಗೆ, ನಡಿಗೆ ನಿಧಾನ. ಸಾಲುಗಳ ನಡುವೆ ಹೊಡೆಯುವುದಾದರೆ ನಾಜಲ್ ಸುತ್ತ ಹನಿ ಹಾರದಂತೆ ತಡೆಯುವ ಹುಡ್ ಹಾಕಿ. ಅಂಚು ಬಿರುಕು ಬಿಟ್ಟ ಅಗ್ಗದ ಹುಡ್‌ನಿಂದ ಔಷಧಿ ತೊಟ್ಟಿಕ್ಕಿ ನಿಮ್ಮ ಬೆಳೆಯೇ ಸುಡುತ್ತದೆ, ನೋಡಿ ಕೊಳ್ಳಿ.

ಗಾಳಿ ಪಕ್ಕದ ಬೆಳೆಯ ಕಡೆ ಬೀಸುತ್ತಿದ್ದರೆ ಆ ದಿನ ಬೇಡ. ದಿಕ್ಕು ಬದಲಾಗುವವರೆಗೆ ಕಾಯಿರಿ. ಆ ಬದಿಯ ಕೊನೆಯ ಕೆಲವು ಸಾಲುಗಳನ್ನು ಔಷಧಿಗೆ ಬಿಡದೆ ಕೈಯಲ್ಲೇ ಕಳೆ ಕೀಳಿ. ಎಷ್ಟು ಜಾಗ ಬಿಡಬೇಕೆಂದು ಲೇಬಲ್‌ನಲ್ಲಿ ಬರೆದಿದ್ದರೆ ಅದಕ್ಕಿಂತ ಒಂದು ಅಡಿಯೂ ಕಡಿಮೆ ಮಾಡಬೇಡಿ.

ಕಳೆನಾಶಕಕ್ಕೇ ಒಂದು ಪಂಪು ಬೇರೆ ಇಡಿ, ಅದಕ್ಕೆ ಕೆಂಪು ಬಣ್ಣ ಬಳಿಯಿರಿ. ಎಷ್ಟು ತೊಳೆದರೂ 2,4-ಡಿ ಪೈಪಿನೊಳಗೆ ಉಳಿದುಬಿಡುತ್ತದೆ.

ಆದರೂ ಹಾರಿ ಬಂದಿದ್ದರೆ

ಬೆಳೆ ಕಳೆದುಕೊಂಡವರು ಅದೇ ದಿನ ಫೋಟೊ ತೆಗೆಯಿರಿ. ಹೊಡೆದ ಬದಿಯ ಅಂಚಿನಲ್ಲಿ ಒಂದು, ನಡುವೆ ಒಂದು, ಆಚೆ ತುದಿಯಲ್ಲಿ ಒಂದು. ಅಂಚಿನಲ್ಲಿ ಹಾನಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ ಆಗುತ್ತಿದ್ದರೆ ಹನಿಗಳು ಆ ಕಡೆಯಿಂದಲೇ ಹಾರಿ ಬಂದಿವೆ ಎನ್ನಲು ಅದು ಬಲವಾದ ಗುರುತು. ಪ್ಯಾರಾಕ್ವಾಟ್ ಆದರೆ ಹನಿ ಬಿದ್ದಲ್ಲಿ ಮಾತ್ರ ಕಂದು ಚುಕ್ಕೆ, ಹೊಸ ಚಿಗುರು ಚೆನ್ನಾಗಿ ಬರುತ್ತದೆ. ಗ್ಲೈಫೊಸೇಟ್ ಆದರೆ ಚಿಗುರೇ ಮೊದಲು ಹಳದಿ. ಎಲೆಗಳನ್ನು ಚೀಲದಲ್ಲಿ ಹಾಕಿ ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ, ಕೃಷಿ ಅಧಿಕಾರಿಗೆ ತಡಮಾಡದೆ ತಿಳಿಸಿ. ದಿನ ಕಳೆದಂತೆ ಎಲೆಯಲ್ಲಿರುವ ಔಷಧಿಯ ಅಂಶ ಕರಗುತ್ತಾ ಹೋಗುತ್ತದೆ.

ಹೊಡೆದವರೂ ಪ್ರತಿ ಸಲ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ದಿನಾಂಕ ಮತ್ತು ಹೊತ್ತು, ಔಷಧಿ ಮತ್ತು ಪ್ರಮಾಣ, ಯಾವ ನಾಜಲ್, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ. ಹೊಡೆದ ಜಾಗದಲ್ಲೇ ನಿಂತು ಬರೆಯಿರಿ. ಮನೆಗೆ ಹೋದ ಮೇಲೆ ಗಾಳಿಯ ದಿಕ್ಕು ಸರಿಯಾಗಿ ನೆನಪಿರುವುದಿಲ್ಲ.