ಕೊಳದ ತಳವನ್ನು ನೀವೇ ಮುಟ್ಟಿ ನೋಡುವ ಬಗೆ

ನಾನು ಮೂವತ್ತೊಂದು ವರ್ಷ ಸರ್ಕಾರಿ ಭೂಮಾಪಕನಾಗಿದ್ದೆ. ಕೆಲಸಕ್ಕೆ ಸೇರಿದಾಗ ಕೈಗೆ ಬಂದದ್ದು ಮೂವತ್ತಮೂರು ಅಡಿಯ, ಹದಿನಾರು ಆಣೆಯ ಸರಪಳಿ. ನಿವೃತ್ತಿಯ ನಂತರ ಬಾಸ್ಟನ್ ಬಳಿಯ ಮಗಳ ಮನೆಗೆ ಹೋಗಿದ್ದಾಗ ಅವಳು ಒಂದು ಶನಿವಾರ ಕಾಂಕಾರ್ಡ್ ಊರಿನ ವಾಲ್ಡನ್ ಕೊಳಕ್ಕೆ ಕರೆದೊಯ್ದಳು. ಹೆನ್ರಿ ಡೇವಿಡ್ ಥೋರೋ ಎಂದರೆ ಗಾಂಧೀಜಿಯವರು ಓದಿ ಮೆಚ್ಚಿದ ಲೇಖಕ, ಕಾಡಿನಲ್ಲಿ ಒಂಟಿಯಾಗಿ ಬದುಕಿದವನು ಎಂಬಷ್ಟೇ ಆವರೆಗೆ ನನಗೆ ಗೊತ್ತಿತ್ತು. ಅವನು ಜೀವನೋಪಾಯಕ್ಕೆ ಭೂಮಾಪನ ಮಾಡುತ್ತಿದ್ದನೆಂದು ತಿಳಿದದ್ದು ಅಲ್ಲಿ. ನಮ್ಮ ಕಸುಬಿನವನು! ಮನೆಗೆ ಬಂದವನೇ ಮಗಳಿಂದ ಅವನ 'ವಾಲ್ಡನ್' ಪುಸ್ತಕ ತರಿಸಿಕೊಂಡು, ಸಹೋದ್ಯೋಗಿಯೊಬ್ಬನ ಅಳತೆ ಪುಸ್ತಕವನ್ನು ಓದುವಂತೆ ಓದಿದೆ. ಆ ಓದಿನಿಂದ ಹಿಡಿದ ಅಭ್ಯಾಸವೊಂದನ್ನು ಇಲ್ಲಿ ಹೇಳಿಕೊಡುತ್ತೇನೆ.

ಮೊದಲು ಕೊಳದ ಸಂಗತಿ. 1845ರ ಜುಲೈ 4ರಂದು ಥೋರೋ ವಾಲ್ಡನ್ ದಡದ ತನ್ನ ಮನೆಗೆ ಬಂದು, ಎರಡು ವರ್ಷ ಎರಡು ತಿಂಗಳು ಅಲ್ಲಿದ್ದ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಮನೆ. ಒಂದು ಗುಂಟೆಯ ಏಳನೇ ಒಂದು ಪಾಲೂ ಇಲ್ಲ. ಈ ಕೊಳಕ್ಕೆ ತಳವೇ ಇಲ್ಲವೆಂದು ಊರಿನಲ್ಲಿ ಮಾತಿತ್ತು. ಭೂಮಿಯ ಆಚೆ ಬದಿಯವರೆಗೂ ಅದು ಇಳಿದಿದೆಯೆಂದು ನಂಬಿದವರಿದ್ದರು. ಯಾರೂ ಅಳೆದಿರಲಿಲ್ಲ. 1846ರ ಆರಂಭದಲ್ಲಿ, ಕೊಳದ ಮೇಲಿನ ಹಿಮಗಡ್ಡೆ ಒಡೆಯುವ ಮುನ್ನ, ಥೋರೋ ದಿಕ್ಸೂಚಿ, ಸರಪಳಿ, ಮೀನು ಹಿಡಿಯುವ ಗಟ್ಟಿ ದಾರ ಮತ್ತು ಸುಮಾರು ಏಳುನೂರು ಗ್ರಾಂ ತೂಕದ ಒಂದು ಕಲ್ಲು ಹಿಡಿದು ಹೊರಟ. ನೂರಕ್ಕೂ ಹೆಚ್ಚು ಕಡೆ ಆಳ ನೋಡಿದ. ಅತ್ಯಂತ ಆಳವಾದ ಕಡೆ ಸಿಕ್ಕಿದ್ದು 102 ಅಡಿ. ಮಾರಿಗೆ ಆರು ಅಡಿಯಂತೆ, ನಮ್ಮ ಲೆಕ್ಕದಲ್ಲಿ ಸರಿಯಾಗಿ ಹದಿನೇಳು ಮಾರು.

ಥೋರೋ ಮನೆ ಕಟ್ಟಿಕೊಂಡಿದ್ದ ಜಾಗದ ಒಡೆಯ ಲೇಖಕ ರಾಲ್ಫ್ ವಾಲ್ಡೊ ಎಮರ್ಸನ್, ಥೋರೋಗಿಂತ ಹದಿನಾಲ್ಕು ವರ್ಷ ಹಿರಿಯ. ಪೀಠ, ಗ್ರಂಥ, ಸಂಪ್ರದಾಯಗಳಿಗಿಂತ ಮೊದಲು ತನ್ನೊಳಗಿನ ಅರಿವನ್ನೂ ಕಣ್ಣೆದುರಿನ ಪ್ರಕೃತಿಯನ್ನೂ ನಂಬಬೇಕೆಂದ ಇವರಿಬ್ಬರ ಬಳಗವನ್ನು ಅತೀಂದ್ರಿಯವಾದಿಗಳು ಎನ್ನುತ್ತಾರೆ. ಹೆಸರು ಕೇಳಿದರೆ ದೂರ ಸರಿಯಬೇಕೆನಿಸುತ್ತದೆ, ವಿಷಯ ಹಾಗಿಲ್ಲ. ಸ್ವಾವಲಂಬನೆಯ ಬಗ್ಗೆ ಎಮರ್ಸನ್ 1841ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮಾತಿದೆ: ನಮಗೆ ಹೊಳೆದದ್ದನ್ನು ನಮ್ಮದೆಂಬ ಕಾರಣಕ್ಕೇ ನಾವು ತಳ್ಳಿಹಾಕುತ್ತೇವೆ, ಆಮೇಲೆ ಅದೇ ಯೋಚನೆ ದೊಡ್ಡವರ ಕೃತಿಯಲ್ಲಿ ಗಾಂಭೀರ್ಯ ಹೊತ್ತು ನಮ್ಮೆದುರು ಬಂದು ನಿಲ್ಲುತ್ತದೆ. ಆ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ.

ಏಕೆಂದು ಹೇಳಬೇಕು. ಸೇವೆಯ ಎರಡನೇ ವರ್ಷ, ಒಂದು ಹೊಲದ ಗಡಿ ಅಳೆಯುವಾಗ ನನ್ನ ಸರಪಳಿ ಹಳೆಯ ಟಿಪ್ಪಣಿಗಿಂತ ಮೂರು ಆಣೆ ಹೆಚ್ಚು ತೋರಿಸಿತು, ಎಂದರೆ ಆರು ಅಡಿ. ಇನ್ನೊಮ್ಮೆ ಎಳೆಸಿದೆ; ಅಷ್ಟೇ ಬಂತು. ಹಳೆಯ ದಾಖಲೆ ತಪ್ಪಿರುವುದಿಲ್ಲ ಎಂದರು ಮೇಲಿನವರು. ನಾನು ಹಳೆಯ ಅಂಕಿಯನ್ನೇ ಬರೆದೆ. ಆ ಬದಿಯಲ್ಲಿ ಉಳುಮೆ ಮಾಡಿಕೊಂಡಿದ್ದ ಹೆಂಗಸಿಗೆ ಆರಡಿಯ ಪಟ್ಟಿಯೂ ಅದರೊಳಗಿನ ಎರಡು ಹಲಸಿನ ಮರಗಳೂ ಹೋದವು. ಹನ್ನೆರಡು ವರ್ಷಗಳ ಮೇಲೆ ಬೇರೊಬ್ಬರು ಮರು ಅಳತೆ ಮಾಡಿದಾಗ ನನ್ನ ಮೊದಲ ಅಂಕಿಯೇ ಬಂತು. ಅಷ್ಟರಲ್ಲಿ ಆಕೆ ಹೊಲ ಮಾರಿ ಊರು ಬಿಟ್ಟಿದ್ದರು. ಆ ಹಾಳೆಯ ಮೇಲಿನ ಸಹಿ ನನ್ನದು.

ಇನ್ನು ಅಭ್ಯಾಸಕ್ಕೆ ಬರೋಣ. ಒಂದು ವಾರ ಮನೆಯಲ್ಲಿ, ಬೀದಿಯಲ್ಲಿ ನಡೆಯುವ ಮಾತನ್ನು ಗಮನವಿಟ್ಟು ಕೇಳಿ. ಎಲ್ಲರೂ ಒಪ್ಪಿಕೊಂಡ, ಯಾರೂ ಅಳೆದು ನೋಡದ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ: "ಈ ಬಾವಿ ಎಂಟಾಳು ಆಳ", "ಆ ಹೊಂಗೆ ಯುಗಾದಿಗೇ ಚಿಗುರುವುದು", "ನನಗೆ ಓದಲು ಪುರುಸೊತ್ತೇ ಇಲ್ಲ". ಒಂದನ್ನು ಮಾತ್ರ ಆರಿಸಿಕೊಳ್ಳಿ. ಅಳೆಯುವ ಮೊದಲು ನಿಮ್ಮ ಅಂದಾಜನ್ನು ತಾರೀಖು ಹಾಕಿ ಬರೆಯಿರಿ. ಇದನ್ನು ಬಿಡಲೇಬೇಡಿ. ಬರೆಯದಿದ್ದರೆ, ಉತ್ತರ ಬಂದ ಮೇಲೆ ಮನಸ್ಸು "ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತದೆ.

ಸಲಕರಣೆ ಕೊಳ್ಳುವ ಅಗತ್ಯವಿಲ್ಲ. ಗೇಣು, ಮೊಳ, ಮಾರು ನಿಮ್ಮ ಮೈಯಲ್ಲೇ ಇವೆ; ಒಮ್ಮೆ ಟೇಪು ಹಿಡಿದು ಅವು ಎಷ್ಟೆಷ್ಟು ಅಂಗುಲವೆಂದು ನೋಡಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಹೆಜ್ಜೆಗೆ, ನೆಲದ ಮೇಲೆ ಮೂವತ್ತಮೂರು ಅಡಿ ಗುರುತು ಮಾಡಿ ಹತ್ತು ಸಲ ನಡೆಯಿರಿ. ಎಣಿಸುತ್ತಿದ್ದೇನೆಂದು ಬಿಗಿಯಾಗಬೇಡಿ, ಸಂತೆಗೆ ಹೋಗುವಂತೆ ನಡೆಯಿರಿ. ನನಗೆ ಹದಿಮೂರು ಹೆಜ್ಜೆ. ಥೋರೋ ತನ್ನ ಊರುಗೋಲಿನ ಮೇಲೆ ಅಂಗುಲಗಳ ಗುರುತು ಕೊರೆದುಕೊಂಡಿದ್ದ. ನಾನೂ ಹಾಗೆ ಮಾಡಿಕೊಂಡಿದ್ದೇನೆ.

ಆಳ ನೋಡುವ ಗುಟ್ಟನ್ನು ಅವನಿಂದಲೇ ಕಲಿಯಬೇಕು. ಕಲ್ಲು ತಳ ಮುಟ್ಟಿದ್ದು ದಾರ ಸಡಿಲವಾದಾಗ ತಿಳಿಯುತ್ತದೆ ಎಂದುಕೊಳ್ಳುತ್ತೇವೆ, ಆದರೆ ಸಡಿಲ ಮೋಸ ಮಾಡುತ್ತದೆ. ಇಳಿಸಿದ ಮೇಲೆ ಮೆಲ್ಲನೆ ಮೇಲಕ್ಕೆ ಎಳೆಯಿರಿ. ತಳಕ್ಕೆ ಕೂತ ಕಲ್ಲಿನ ಕೆಳಗೆ ನೀರು ನುಗ್ಗಿ ಅದನ್ನು ಎತ್ತಿಕೊಡುವವರೆಗೆ ಕೈಗೆ ಹೆಚ್ಚು ಭಾರ ತಗುಲುತ್ತದೆ. ಆ ಭಾರ ತಟ್ಟನೆ ಇಳಿದ ಕ್ಷಣದಲ್ಲಿ ನೀರಿನ ಮಟ್ಟಕ್ಕೆ ದಾರ ಹಿಡಿದು ಗುರುತು ಮಾಡಿ. ಕೈಗೆ ಇದು ಅರ್ಥವಾಗಲು ನಾಲ್ಕೈದು ಸಲ ಬೇಕು. ಬಾವಿಯಾದರೆ ಕಟ್ಟೆಯಿಂದ ನೋಡಿ, ಕೆರೆಗೆ ಹರಿಗೋಲು ಬಲ್ಲವರ ಜೊತೆಯಲ್ಲೇ ಇಳಿಯಿರಿ.

ಸ್ವಾವಲಂಬನೆ ಎಂದರೆ ಯಾರ ನೆರವೂ ಬೇಡವೆನ್ನುವುದು ಎಂದು ಭಾವಿಸಿ, ಇಲ್ಲಿ ಥೋರೋನನ್ನು ಹಂಗಿಸುವವರಿದ್ದಾರೆ. ಮನೆ ಕಟ್ಟಲು ಅವನು ಕೊಡಲಿ ಎರವಲು ತಂದ, ಚೌಕಟ್ಟು ನಿಲ್ಲಿಸಲು ಪರಿಚಿತರನ್ನು ಕರೆದ, ಒಂದೆರಡು ದಿನಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದ. ಇದನ್ನೆಲ್ಲ ಅವನೇ ಬರೆದಿದ್ದಾನೆ. ಸರಪಳಿಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೇ ಬೇಕು. ಅಂಕಿಯನ್ನು ಓದುವ ಕಣ್ಣು ಮಾತ್ರ ನಿಮ್ಮದಾಗಿರಲಿ.

ಪುಸ್ತಕವನ್ನು ನಿಂತ ಜಾಗದಲ್ಲೇ ಪೆನ್ಸಿಲಿನಿಂದ ಬರೆಯಿರಿ. ಮಳೆ ಹನಿಗೆ ಶಾಯಿ ಹರಡುತ್ತದೆ. ಥೋರೋನ ಮನೆಯವರದು ಪೆನ್ಸಿಲ್ ತಯಾರಿಕೆಯೇ ಆಗಿತ್ತು. ತಪ್ಪಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಅವನು 1837ರ ಅಕ್ಟೋಬರ್ 22ರಂದು ಶುರು ಮಾಡಿದ ದಿನಚರಿಯನ್ನು 1861ರವರೆಗೆ ಬರೆದ. ಒಂದು ಗಿಡ ಯಾವ ದಿನ ಹೂ ಬಿಡುತ್ತದೆಂದು ನಿಖರವಾಗಿ ತಿಳಿಯಲು ನಾಲ್ಕೈದು ಮೈಲಿ ನಡೆದು, ಹದಿನೈದು ದಿನಗಳಲ್ಲಿ ಆರು ಸಲ ಹೋಗಿಬಂದದ್ದಿದೆ. 1850ರ ದಶಕದ ಆ ತಾರೀಖುಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈಗಿನವುಗಳ ಜೊತೆ ಹೋಲಿಸಿ, ಕಾಂಕಾರ್ಡ್‌ನಲ್ಲಿ ವಸಂತದ ಹೂಗಳು ಮೊದಲಿಗಿಂತ ಬೇಗ ಅರಳುತ್ತಿರುವುದನ್ನು ತೋರಿಸಿದ್ದಾರೆ. ಬರೆಯುವಾಗ ಅವನಿಗೆ ಇಂಥ ಉಪಯೋಗದ ಕಲ್ಪನೆ ಇರಲು ಸಾಧ್ಯವೇ ಇರಲಿಲ್ಲ. ತಾರೀಖು, ಜಾಗ, ಕಂಡದ್ದು: ಈ ಮೂರು ಇದ್ದರೆ ಸಾಕು. ಅನಿಸಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ.

ಪುಸ್ತಕಕ್ಕೆ ಆರು ತಿಂಗಳು ತುಂಬಿದ ಮೇಲೆ ಒಂದು ಕಷ್ಟದ ಕೆಲಸವಿದೆ. ನಕ್ಷೆಯಲ್ಲಿ ವಾಲ್ಡನ್‌ನ ಅತಿ ಉದ್ದದ ಗೆರೆಯನ್ನೂ ಅತಿ ಅಗಲದ ಗೆರೆಯನ್ನೂ ಎಳೆದಾಗ, ಅವು ಸೇರುವ ಬಿಂದುವೇ ಅತಿ ಆಳದ ಜಾಗವಾಗಿರುವುದನ್ನು ಥೋರೋ ಕಂಡ. ಮನುಷ್ಯನ ದಿನನಿತ್ಯದ ನಡತೆಗೂ ಇಂಥ ಗೆರೆಗಳನ್ನು ಎಳೆದರೆ ಅವನ ಸ್ವಭಾವದ ಆಳ ಸಿಗುತ್ತದೆ ಎಂದ. ನಾನು ಮಾಡಿದ್ದು ಹೀಗೆ: ಪುಟ ತಿರುವುತ್ತಾ, ದಿನವೂ ತಪ್ಪದೆ ಮಾಡಿದ್ದನ್ನೆಲ್ಲ ಒಂದು ಪಟ್ಟಿ ಮಾಡಿದೆ, ಅದು ಉದ್ದ. ಇತರರಿಗಾಗಿ ದಾರಿ ಬಿಟ್ಟು ಸರಿದದ್ದನ್ನೆಲ್ಲ ಇನ್ನೊಂದು ಪಟ್ಟಿ ಮಾಡಿದೆ, ಅದು ಅಗಲ. ಎರಡರಲ್ಲೂ ಬಂದದ್ದು ಒಂದೇ ಸಂಗತಿ, ಬೆಳಗಿನ ನಡಿಗೆಯಲ್ಲಿ ಮೊಮ್ಮಗಳಿಗೆ ಮರಗಳ ಹೆಸರು ಹೇಳಿಕೊಟ್ಟದ್ದು. ನಾನು ಊಹಿಸಿದ್ದು ಬೇರೆಯೇ ಆಗಿತ್ತು. ಇದನ್ನು ಕೂಡಲೇ ನಿಯಮವೆಂದು ನಂಬಬೇಡಿ. ಥೋರೋ ಕೂಡ ಹತ್ತಿರದ ಇನ್ನೊಂದು ಕೊಳದಲ್ಲಿ ಪರೀಕ್ಷಿಸಿದ. ಅಲ್ಲಿ ಅತಿ ಆಳ ಅವನು ಗುರುತಿಸಿದ ಜಾಗದಿಂದ ನೂರು ಅಡಿಯೊಳಗೆ ಸಿಕ್ಕಿತು, ಗುರುತಿಸಿದ ಜಾಗಕ್ಕಿಂತ ಒಂದೇ ಅಡಿ ಹೆಚ್ಚು ಆಳ. ನೀವೂ ಮುಂದಿನ ಆರು ತಿಂಗಳಿಗೆ ಮತ್ತೊಮ್ಮೆ ಗೆರೆ ಎಳೆಯಿರಿ.

ಊರಿನ ನಮ್ಮ ಬಾವಿ ಎಂಟಾಳು ಎಂದು ಅಜ್ಜನ ಕಾಲದಿಂದ ಹೇಳುತ್ತಿದ್ದರು. ನನ್ನ ಅಂದಾಜು ಏಳು ಮಾರು. ಮೊದಲ ಸಲ ಐದು ಮಾರು ಮೂರು ಮೊಳ ಬಂತು, ಮರುದಿನ ಆರು ಮಾರು ಒಂದು ಮೊಳ. ಹಗ್ಗ ತೆಂಗಿನ ನಾರಿನದು. ಒಣಗಿದ್ದಾಗ ಗಂಟು ಹಾಕಿದ್ದೆ, ನೆಂದಾಗ ಕುಗ್ಗಿತ್ತು. ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿಟ್ಟು, ಎಳೆದು ಹಿಡಿದು, ಮಾರಿಗೊಂದರಂತೆ ಗಂಟು ಹಾಕಿಕೊಂಡು ಬಾವಿಯ ಹತ್ತಿರ ಹೋಗಿ.