ತಂಡದ ಟೆಕ್ ಒತ್ತಡ ಇಳಿಸುವುದು ಹೇಗೆ

ಹೊಸ ಸಾಫ್ಟ್‌ವೇರ್ ಬಂದ ಮೇಲೆ ತಂಡ ಮಂಕಾದರೆ "ಇವರಿಗೆ ಕಲಿಯುವ ಆಸಕ್ತಿಯೇ ಇಲ್ಲ" ಎಂದು ಷರಾ ಬರೆಯುವ ಮುನ್ನ ಒತ್ತಡದ ಮೂಲ ಹುಡುಕಿ. ಸಂಶೋಧಕರು ಐದು ಮೂಲ ಗುರುತಿಸುತ್ತಾರೆ: ಹೊರೆ ಏರುವುದು, ಮನೆಯ ಹೊತ್ತಿಗೂ ಕೆಲಸ ನುಗ್ಗುವುದು, ಉಪಕರಣ ಅರ್ಥವಾಗದಿರುವುದು, ಕೆಲಸ ಹೋದೀತೆಂಬ ಭಯ, ಪದೇ ಪದೇ ಬದಲಾವಣೆ. ಒಂದೊಂದಕ್ಕೂ ಮದ್ದು ಬೇರೆ. ಕೆಲಸದ ಭಯದಲ್ಲಿರುವವರಿಗೆ ಬರೀ ತರಬೇತಿ ಕೊಟ್ಟರೆ ಭಯ ಹೆಚ್ಚುವುದೂ ಉಂಟು.

ಒಂದು ವಾರ ಎಲ್ಲರೂ ಕಾಗದದ ಮೇಲೆ ಗೀಟು ಹಾಕಲಿ: ನೋಟಿಫಿಕೇಶನ್‌ನಿಂದ ಕೆಲಸ ನಿಂತಾಗ ಒಂದು, ಅದೇ ಮಾಹಿತಿಯನ್ನು ಎರಡು ಕಡೆ ತುಂಬಿದಾಗ ಒಂದು, ಡ್ಯೂಟಿ ಮುಗಿದ ಮೇಲೆ ಉತ್ತರಿಸಿದಾಗ ಒಂದು. (ದಯವಿಟ್ಟು ಇದಕ್ಕೂ ಆ್ಯಪ್ ಹಾಕಿಸಬೇಡಿ.) ಹೆಸರು ಬರೆಸಿದರೆ ನಿಜ ಹೊರಬರುವುದಿಲ್ಲ.

ಗೀಟು ಹೆಚ್ಚಿದ್ದಲ್ಲಿಂದ ಶುರು ಮಾಡಿ. ನೋಟಿಫಿಕೇಶನ್ ಕಾಟವಾದರೆ ಚಾಟ್‌ಗೆ 2 ಗಂಟೆಯೊಳಗೆ, ಮೇಲ್‌ಗೆ ಅದೇ ದಿನ ಉತ್ತರ, ನಿಜವಾದ ತುರ್ತಿಗೆ ಮಾತ್ರ ಫೋನ್ ಎಂದು ನಿಗದಿ ಮಾಡಿ. ಬೆಳಿಗ್ಗೆ 90 ನಿಮಿಷ ಎಲ್ಲವೂ ಮ್ಯೂಟ್ ಇರಲಿ. ಇಂಥ ನಿಯಮ ಮುರಿಯುವವರು ಹೆಚ್ಚಾಗಿ ಮೇಲಿನವರೇ. ರಾತ್ರಿ 10ಕ್ಕೆ ಮ್ಯಾನೇಜರ್ "ಅರ್ಜೆಂಟ್ ಇಲ್ಲ" ಎಂದು ಕಳಿಸಿದರೂ ಕೆಳಗಿನವರು ಆಗಲೇ ಲ್ಯಾಪ್‌ಟಾಪ್ ತೆರೆಯುತ್ತಾರೆ. ಮೆಸೇಜನ್ನು ಶೆಡ್ಯೂಲ್ ಮಾಡಿ, ಬೆಳಿಗ್ಗೆ 9ಕ್ಕೆ ಹೋಗಲಿ.

ಹೊಸ ಉಪಕರಣ ತಂದ ದಿನವೇ ಹಳೆಯದನ್ನು ಮುಚ್ಚುವ ತಾರೀಖನ್ನೂ ಹೇಳಿ. ಎರಡೂ ನಡೆದಷ್ಟು ದಿನ ಕೆಲಸ ದುಪ್ಪಟ್ಟು. ತರಬೇತಿಯನ್ನು 30 ನಿಮಿಷದ ತುಂಡುಗಳಾಗಿಸಿ, ಅವರವರ ಫೈಲ್ ಮೇಲೇ ಮಾಡಿಸಿ, ಆ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಿರಿ.

6 ವಾರದ ಬಳಿಕ ಮತ್ತೆ ಗೀಟು ಎಣಿಸಿ. ಅಷ್ಟರೊಳಗೆ ಯಾರಾದರೂ ನಿದ್ದೆಗೆಟ್ಟಿದ್ದರೆ, ಮೀಟಿಂಗ್‌ನಲ್ಲಿ ಮಾತೇ ಬಿಟ್ಟಿದ್ದರೆ, ಎಣಿಕೆಗೆ ಕಾಯದೆ ಅವರ ಹೊರೆ ಇಳಿಸಿ.